ಜೇಮಿ ಗಾರ್ಡನ್ ಅವರ ‘ಲಾರ್ಡ್ ಆಫ್ ಮಿಸ್‌ರೂಲ್’: ಅಕ್ಕರೆಯ ಕುದುರೆಯನ್ನು ಬೆಲೆ ಕಟ್ಟಿ ಓಡಿಸುವುದೇಕೆ?

ಪ್ರಶ್ನೆ: ಓದುಕೋಣೆ

ನಮ್ಮ ಓದುಗರ ಬಳಗದಲ್ಲಿ ಈ ಬಾರಿ ಚರ್ಚೆಗೆ ತೆಗೆದುಕೊಂಡಿರುವುದು ಅಮೆರಿಕದ ಲೇಖಕಿ ಜೇಮಿ ಗಾರ್ಡನ್ ಅವರ ‘ಲಾರ್ಡ್ ಆಫ್ ಮಿಸ್‌ರೂಲ್’ ಕಾದಂಬರಿಯನ್ನು. ಮ್ಯಾಕ್‌ಫರ್ಸನ್ ಎಂಬ ಪುಟ್ಟ ಪ್ರಕಾಶನ ಸಂಸ್ಥೆ ಹೊರತಂದ ಈ ಪುಸ್ತಕಕ್ಕೆ 2010ರಲ್ಲಿ ಅಲ್ಲಿನ ನ್ಯಾಷನಲ್ ಬುಕ್ ಅವಾರ್ಡ್ ದೊರಕಿತು. ಪೀಟರ್ ಕ್ಯಾರಿ, ನಿಕೋಲ್ ಕ್ರಾಸ್, ಲಯನಲ್ ಶ್ರೈವರ್ ಅವರ ಕಾದಂಬರಿಗಳೂ ಆ ವರ್ಷದ ಅಂತಿಮ ಪಟ್ಟಿಯಲ್ಲಿದ್ದವು ಎಂಬುದನ್ನು ಗಮನಿಸಿದರೆ, ಬಡ ಲಾಯಗಳೂ ಕಾಲು ಕೆಟ್ಟ ಕುದುರೆಗಳೂ ತುಂಬಿರುವ ಈ ಕತೆಯಲ್ಲಿ ತೀರ್ಪುಗಾರರು ಏನನ್ನು ಕಂಡಿರಬಹುದೆಂಬ ಕುತೂಹಲ ಯಾರಿಗಾದರೂ ಹುಟ್ಟುತ್ತದೆ.

ಕತೆ ನಡೆಯುವುದು 1970ರ ಆಸುಪಾಸಿನಲ್ಲಿ, ವೆಸ್ಟ್ ವರ್ಜೀನಿಯಾದ ಇಂಡಿಯನ್ ಮೌಂಡ್ ಡೌನ್ಸ್ ಎಂಬ ಕಲ್ಪಿತ ರೇಸ್ ಮೈದಾನದಲ್ಲಿ. ಟಾಮಿ ಹ್ಯಾನ್ಸೆಲ್ ಎಂಬ ತರಬೇತುದಾರ ನಾಲ್ಕು ಕುದುರೆಗಳನ್ನು ಮತ್ತು ಗೆಳತಿ ಮ್ಯಾಗಿಯನ್ನು ಕರೆದುಕೊಂಡು ಅಲ್ಲಿಗೆ ಬರುತ್ತಾನೆ. ಮೇಲ್ನೋಟಕ್ಕೆ ಕೆಲಸಕ್ಕೆ ಬಾರದವೆಂದು ಕಾಣುವ, ಆದರೆ ನಿಜವಾಗಿ ಓಡಬಲ್ಲ ಆ ಕುದುರೆಗಳನ್ನು ಅಗ್ಗದ ಓಟಗಳಿಗೆ ಇಳಿಸಿ, ಯಾರೂ ನಂಬದ ಕುದುರೆಯ ಮೇಲೆ ಬಾಜಿ ಕಟ್ಟಿ ಹಣ ಬಾಚಿಕೊಂಡು, ಗುಟ್ಟು ರಟ್ಟಾಗುವ ಮೊದಲೇ ಅಲ್ಲಿಂದ ಜಾಗ ಖಾಲಿ ಮಾಡುವುದು ಅವನ ಲೆಕ್ಕಾಚಾರ. ಇಷ್ಟು ನನಗೆ ಸ್ಪಷ್ಟವಾಗಿದೆ. ಕಾದಂಬರಿಯ ನಾಲ್ಕು ಭಾಗಗಳಿಗೂ ಒಂದೊಂದು ಕುದುರೆಯ ಹೆಸರಿದೆ. ಮಿಸ್ಟರ್ ಬೋಲ್ ವೀವಿಲ್ ಮುಗಿಸಿ ಈಗ ಲಿಟಲ್ ಸ್ಪಿನೋಜಾ ಎಂಬ ಭಾಗದ ನಡುವೆ ಇದ್ದೇನೆ.

ನನ್ನನ್ನು ತಡೆದು ನಿಲ್ಲಿಸಿರುವುದು ಕ್ಲೇಮಿಂಗ್ ರೇಸ್ ಎಂಬ ವ್ಯವಸ್ಥೆ. ಓಟಕ್ಕೆ ಇಳಿಸಿದ ಕುದುರೆಯನ್ನು ನಿಗದಿಯಾದ ಬೆಲೆ ತೆತ್ತು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದಂತೆ, ಮಾಲೀಕನಿಗೆ ಒಲ್ಲೆನೆನ್ನುವ ಹಕ್ಕೇ ಇಲ್ಲವಂತೆ. ಹಾಗಿದ್ದರೆ ಹಗಲಿರುಳು ಕಾಲು ನೀವಿ, ಪಟ್ಟಿ ಕಟ್ಟಿ, ಮಗುವಿನಂತೆ ನೋಡಿಕೊಂಡ ಕುದುರೆಯನ್ನು ಅಂಥ ಓಟಕ್ಕೆ ಏಕೆ ಒಯ್ಯಬೇಕು? ಬೇರೆ ಬಗೆಯ ಓಟಗಳಿಲ್ಲವೇ? ಪಾತ್ರಗಳ ಆತಂಕವೆಲ್ಲ ಈ ಒಂದು ನಿಯಮದ ಮೇಲೆ ನಿಂತಿರುವಂತೆ ತೋರುತ್ತದೆ, ಆದರೆ ಆ ನಿಯಮದ ಒಳಗುಟ್ಟು ಹಿಡಿಯದೆ ನನಗೆ ಅವರ ನಡೆ ಹುಂಬತನವೆಂದೇ ಅನ್ನಿಸುತ್ತಿದೆ.

ಇನ್ನೊಂದು ತೊಡಕು ನಿರೂಪಣೆಯದು. ಮಾತುಗಳಿಗೆ ಉದ್ಧರಣ ಚಿಹ್ನೆಗಳಿಲ್ಲ, ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ದನಿ ಬದಲಾಗುತ್ತದೆ, ಮೆಡಿಸಿನ್ ಎಡ್ ಎಂಬ ಮುದುಕ ಲಾಯದಾಳಿನ ಅಧ್ಯಾಯಗಳಂತೂ ಅವನ ಆಡುನುಡಿಯಲ್ಲೇ ಸಾಗುತ್ತವೆ. ಬಿಳಿಯ ಲೇಖಕಿಯೊಬ್ಬರು ಕರಿಯ ಕೂಲಿಯಾಳಿನ ನುಡಿಯನ್ನು ಹೀಗೆ ತಮ್ಮದಾಗಿಸಿಕೊಂಡು ಬರೆಯುವುದು ಸರಿಯೇ ಎಂದು ಬಳಗದ ಒಬ್ಬರು ಕೇಳಿದ್ದಾರೆ, ಆ ಪ್ರಶ್ನೆಯನ್ನು ಹಗುರವಾಗಿ ಬದಿಗಿಡಲು ನನಗೆ ಮನಸ್ಸಿಲ್ಲ. ಪುಸ್ತಕ ಓದಿದವರು, ರೇಸಿನ ಜಗತ್ತನ್ನು ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕು. ಕತೆಯ ಕೊನೆಯನ್ನು ಬಿಟ್ಟುಕೊಡಬೇಡಿ.

ಉತ್ತರ: ಒಹಾಯೋ ಕನ್ನಡಿಗ

ಕ್ಲೇಮಿಂಗ್ ರೇಸ್ ಏಕೆ ಹುಟ್ಟಿತೆಂಬುದನ್ನು ತಿಳಿದುಕೊಂಡರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಒಂದೇ ಓಟದಲ್ಲಿ ಓಡುವ ಕುದುರೆಗಳು ಹೆಚ್ಚು ಕಡಿಮೆ ಸಮಬಲದವಾಗಿರಬೇಕು, ಇಲ್ಲವಾದರೆ ಬಾಜಿ ಕಟ್ಟುವವರೇ ಇರುವುದಿಲ್ಲ. ಬಲವನ್ನು ಅಳೆಯುವವರು ಯಾರು? ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಆ ಕೆಲಸವನ್ನು ಮುಖ್ಯವಾಗಿ ಹ್ಯಾಂಡಿಕ್ಯಾಪರ್ ಮಾಡುತ್ತಾನೆ. ಪ್ರತಿ ಕುದುರೆಗೂ ಒಂದು ರೇಟಿಂಗ್ ಕೊಟ್ಟು, ಬಲಶಾಲಿಗೆ ಹೆಚ್ಚು ತೂಕ, ದುರ್ಬಲಕ್ಕೆ ಕಡಿಮೆ ತೂಕ ಹೊರಿಸಿ ಸಮ ಮಾಡುತ್ತಾನೆ. ಅಮೆರಿಕದ ಸಾಮಾನ್ಯ ಮೈದಾನಗಳಲ್ಲಿ ಆ ಹೊಣೆಯನ್ನು ಮಾಲೀಕನ ಜೇಬಿಗೇ ಬಿಡಲಾಗಿದೆ. ಎರಡು ಸಾವಿರ ಡಾಲರಿನ ಓಟಕ್ಕೆ ಹೆಸರು ಕೊಟ್ಟೆ ಎಂದರೆ, ನನ್ನ ಕುದುರೆಯ ಬೆಲೆ ಎರಡು ಸಾವಿರ, ಬೇಕಾದವರು ಕೊಂಡುಕೊಳ್ಳಿ ಎಂದು ಒಪ್ಪಿಕೊಂಡಂತೆ. ಐದು ಸಾವಿರ ಬಾಳುವ ಕುದುರೆಯನ್ನು ಅಲ್ಲಿಗೆ ಇಳಿಸಿದರೆ ಗೆಲುವು ಸುಲಭ, ಆದರೆ ಯಾರಾದರೂ ಎರಡೇ ಸಾವಿರಕ್ಕೆ ಅದನ್ನು ಹೊಡೆದುಕೊಂಡು ಹೋಗುತ್ತಾರೆ. ಸಾವಿರ ಬಾಳುವುದನ್ನು ಇಳಿಸಿದರೆ ಯಾರೂ ಮುಟ್ಟುವುದಿಲ್ಲ, ಗೆಲ್ಲುವುದೂ ಇಲ್ಲ. ಮಾಲೀಕ ಸುಳ್ಳು ಹೇಳದಂತೆ ಅವನ ಸ್ವಾರ್ಥವನ್ನೇ ಕಾವಲಿಗೆ ನಿಲ್ಲಿಸುವ ಏರ್ಪಾಡು ಇದು.

ಬೇರೆ ಓಟಗಳಿಲ್ಲವೇ ಎಂದು ಕೇಳಿದ್ದೀರಿ. ಇವೆ. ಆದರೆ ಅವು ಈ ಕುದುರೆಗಳಿಗಲ್ಲ. ಕೊಳ್ಳುವ ಭಯವಿಲ್ಲದ ಓಟಗಳಲ್ಲಿ ಎದುರಾಗುವುದು ಎಳೆಯ, ಆರೋಗ್ಯವಂತ, ಒಳ್ಳೆಯ ತಳಿಯ ಕುದುರೆಗಳು. ಮುಂಗಾಲಿನ ಸ್ನಾಯುರಜ್ಜು ಒಮ್ಮೆ ಉಬ್ಬಿಕೊಂಡು ವಾಸಿಯಾದ ಏಳೆಂಟು ವರ್ಷದ ಕುದುರೆಗೆ ಅಲ್ಲಿ ಕೊನೆಯ ಸ್ಥಾನವೇ ಗತಿ. ಕುದುರೆ ಲಾಯದಲ್ಲಿ ನಿಂತರೂ ತಿನ್ನುತ್ತದೆ, ಲಾಳ ಸವೆಯುತ್ತದೆ, ವೈದ್ಯನ ಬಿಲ್ಲು ಬರುತ್ತದೆ. ಓಡಿಸದಿದ್ದರೆ ಅದನ್ನು ಸಾಕಲಾಗುವುದಿಲ್ಲ, ಓಡಿಸಿದರೆ ಅದು ಕೈತಪ್ಪಬಹುದು. ಟಾಮಿಯ ಲಾಯದಲ್ಲಾಗಲಿ, ಡ್ಯೂಸಿ ಗಿಫರ್ಡ್ ಎಂಬ ಮುದುಕಿಯ ಲಾಯದಲ್ಲಾಗಲಿ ಮೂರನೆಯ ದಾರಿಯೇ ಇಲ್ಲ. ನೀವು ಹುಂಬತನವೆಂದು ಕರೆದದ್ದು ಅವರ ಹೊಟ್ಟೆಪಾಡು.

ಈಗ ಕೊಳ್ಳುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕೊಳ್ಳಬೇಕೆಂದಿರುವವನು ಹಣವನ್ನು ಮೊದಲೇ ಮೈದಾನದ ಲೆಕ್ಕಿಗನ ಬಳಿ ಇಟ್ಟಿರಬೇಕು. ಓಟ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ, ಕುದುರೆಯ ಹೆಸರನ್ನೂ ಬೆಲೆಯನ್ನೂ ಬರೆದ ಚೀಟಿಯನ್ನು ಲಕೋಟೆಯಲ್ಲಿಟ್ಟು ಬೀಗ ಹಾಕಿದ ಪೆಟ್ಟಿಗೆಯೊಳಗೆ ಹಾಕಬೇಕು. ಪೆಟ್ಟಿಗೆಯಲ್ಲಿ ಏನಿದೆಯೆಂದು ಮಾಲೀಕನಿಗೆ ತಿಳಿಯುವುದಿಲ್ಲ. ಒಂದೇ ಕುದುರೆಗೆ ಇಬ್ಬರು ಮೂವರು ಚೀಟಿ ಹಾಕಿದ್ದರೆ ಅಂಕಿ ಬರೆದ ಗೋಲಿಗಳನ್ನು ಕುಲುಕಿ ಎತ್ತಿ ತೀರ್ಮಾನಿಸುತ್ತಾರೆ. ಗೇಟು ತೆರೆದು ಕುದುರೆಗಳು ಹೊರಬಿದ್ದ ಕ್ಷಣದಲ್ಲೇ ಒಡೆತನ ಬದಲಾಗುತ್ತದೆ. ಬಹುಮಾನ ಬಂದರೆ ಹಳೆಯ ಮಾಲೀಕನಿಗೆ, ಕಾಲು ಮುರಿದರೆ ನಷ್ಟ ಹೊಸಬನಿಗೆ ಎಂಬುದು ಆ ಕಾಲದ ಕಟ್ಟುನಿಟ್ಟಾದ ಪದ್ಧತಿ. ಕುದುರೆಯನ್ನು ಸಾಕಿದವನು ಅದನ್ನು ಮೈದಾನಕ್ಕೆ ನಡೆಸಿಕೊಂಡು ಬರುವಾಗ ಅದು ತನ್ನದು, ಅದು ಎರಡು ನಿಮಿಷ ಓಡಿ ಬೆವರು ಸುರಿಸುತ್ತ ಮರಳುವಾಗ ಬೇರೊಬ್ಬನದು.

ನಾನಿರುವ ಊರಿನಿಂದ ವೆಸ್ಟ್ ವರ್ಜೀನಿಯಾದ ಮೌಂಟನೀರ್ ಮೈದಾನಕ್ಕೆ ಕಾರಿನಲ್ಲಿ ಹೋಗಿ ಬರಬಹುದು. 1951ರಲ್ಲಿ ವಾಟರ್‌ಫರ್ಡ್ ಪಾರ್ಕ್ ಎಂಬ ಹೆಸರಿನಲ್ಲಿ ಶುರುವಾದ ಜಾಗ ಅದು. ಅಲ್ಲಿ ರಾತ್ರಿಯ ಓಟವೊಂದು ಮುಗಿದ ಮೇಲೆ ನೋಡಿದ್ದನ್ನು ಹೇಳುತ್ತೇನೆ. ಮೂರನೆಯದಾಗಿ ಬಂದ ಕಂದು ಬಣ್ಣದ ಕುದುರೆಯ ಲಗಾಮಿಗೆ ಸಿಬ್ಬಂದಿಯೊಬ್ಬ ಕೆಂಪು ಚೀಟಿ ಸಿಕ್ಕಿಸಿದ. ಅದನ್ನು ಕರೆತಂದಿದ್ದ ಹೆಂಗಸು ಬಕೆಟ್ಟಿನ ನೀರನ್ನು ಅದರ ಕುತ್ತಿಗೆಗೆ ಸುರಿದು, ಸ್ಪಂಜಿನಿಂದ ಮೂಗು ಒರೆಸಿ, ತನ್ನ ಲಗಾಮನ್ನು ಬಿಚ್ಚಿಕೊಂಡಳು. ಪಕ್ಕದಲ್ಲಿ ಬೇರೆ ಲಗಾಮು ಹಿಡಿದು ಕಾಯುತ್ತಿದ್ದ ಹುಡುಗ ಅದನ್ನು ತೊಡಿಸಿ, ಬೇರೆ ಲಾಯದ ದಿಕ್ಕಿಗೆ ನಡೆಸಿಕೊಂಡು ಹೋದ. ಇಬ್ಬರೂ ಒಂದು ಮಾತನ್ನೂ ಆಡಲಿಲ್ಲ. ಗಾರ್ಡನ್ ಅವರ ಕಾದಂಬರಿಯ ಎಲ್ಲ ಭಯವೂ ಈ ಲಗಾಮು ಬದಲಾಗುವ ಅರೆನಿಮಿಷದಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಟಾಮಿಯ ಯೋಜನೆಯ ಬಗ್ಗೆ ಇನ್ನೊಂದು ಮಾತು. ಅವನು ಒಂದು ಕುದುರೆಯ ಹೆಸರಿನಲ್ಲಿ ಇನ್ನೊಂದನ್ನು ಓಡಿಸುವ ಹಳೆಯ ಮೋಸಕ್ಕೆ ಕೈ ಹಾಕುವುದಿಲ್ಲ. ಅಮೆರಿಕದಲ್ಲಿ 1940ರ ದಶಕದ ಕೊನೆಯ ಹೊತ್ತಿಗೇ ರೇಸ್ ಕುದುರೆಗಳ ಮೇಲ್ದುಟಿಯ ಒಳಭಾಗಕ್ಕೆ ಹಚ್ಚೆ ಹಾಕುವುದು ಜಾರಿಗೆ ಬಂದು ಆ ದಾರಿ ಬಹುಮಟ್ಟಿಗೆ ಮುಚ್ಚಿತ್ತು. ಅವನು ಮುಚ್ಚಿಡುವುದು ಕುದುರೆಯ ಗುರುತನ್ನಲ್ಲ, ಅದರ ಕಸುವನ್ನು. ಬಾಜಿ ಕಟ್ಟುವವರು ಡೈಲಿ ರೇಸಿಂಗ್ ಫಾರ್ಮ್ ಪತ್ರಿಕೆಯಲ್ಲಿ ಅಚ್ಚಾದ ಹಿಂದಿನ ಓಟಗಳ ಸಾಲುಗಳನ್ನು ನೋಡಿ ತೀರ್ಮಾನಿಸುತ್ತಾರೆ. ಇತ್ತೀಚಿನ ಸಾಲುಗಳು ಕೆಟ್ಟದಾಗಿದ್ದರೆ ಯಾರೂ ಹಣ ಹಾಕುವುದಿಲ್ಲ, ಬಾಜಿಯ ದರ, ಅಂದರೆ ಗೆದ್ದರೆ ಸಿಗುವ ಹಣದ ಪ್ರಮಾಣ, ಏರುತ್ತದೆ. ಪತ್ರಿಕೆ ಓದುವವರ ಕಣ್ಣಿಗೆ ಹೀಗೆ ಮಣ್ಣೆರಚಬಹುದು. ಆದರೆ ಮೈದಾನದ ಹಿಂಬದಿಯ ಲಾಯಗಳಲ್ಲಿ ಬದುಕುವವರು ಪತ್ರಿಕೆ ನೋಡುವುದಿಲ್ಲ, ಕುದುರೆಯ ಮೊಣಕಾಲಿನ ಕೆಳಗೆ ಅಂಗೈ ಇಟ್ಟು ಬಿಸಿ ಇದೆಯೇ ಎಂದು ನೋಡುತ್ತಾರೆ. ಟಾಮಿ ಬಂದಿಳಿದ ದಿನದಿಂದ ಕಮ್ಮಾರ ಕಿಡ್‌ಸ್ಟಫ್, ಲಾಯಗಳನ್ನು ಹಂಚುವ ಸೂಟ್‌ಕೇಸ್ ಸ್ಮಿದರ್ಸ್, ಮೆಡಿಸಿನ್ ಎಡ್ ಎಲ್ಲರೂ ಅವನ ಕುದುರೆಗಳ ಮೇಲೆ ಕಣ್ಣಿಡುವುದನ್ನು ಗಮನಿಸಿ. ಅಷ್ಟು ಸಣ್ಣ ಜಾಗದಲ್ಲಿ ಗುಟ್ಟೆಂಬುದು ಒಂದು ವಾರ ಉಳಿಯುವ ಪದಾರ್ಥವಲ್ಲ.

ಉತ್ತರ: ತುಂಗಾತೀರ

ಮೇಲಿನ ವಿವರಣೆಯನ್ನು ಪೂರ್ತಿಯಾಗಿ ಒಪ್ಪುತ್ತಲೇ ನಿರೂಪಣೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಈ ಕಾದಂಬರಿಯ ಹೆಚ್ಚುಗಾರಿಕೆ ಕತೆಗಿಂತ ದನಿಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ದನಿಗಳು ಮುಖ್ಯವಾಗಿ ನಾಲ್ಕು ಎಂದು ಗುರುತಿಸಿಕೊಂಡರೆ ಓದು ಸಲೀಸಾಗುತ್ತದೆ. ಮೆಡಿಸಿನ್ ಎಡ್‌ನ ಅಧ್ಯಾಯಗಳು ಅವನ ನುಡಿಯ ಲಯದಲ್ಲಿ, ಮ್ಯಾಗಿಯ ಅಧ್ಯಾಯಗಳು ಓದು ಬಲ್ಲ ಯುವತಿಯೊಬ್ಬಳ ತೀಕ್ಷ್ಣವಾದ, ಕೆಲವೊಮ್ಮೆ ತನ್ನನ್ನೇ ನಂಬದ ಮನಸ್ಸಿನ ಸುತ್ತ, ಟೂ-ಟೈ ಎಂಬ ಬಡ್ಡಿಸಾಲದ ಮುದುಕನ ಅಧ್ಯಾಯಗಳು ಹಳೆಯ ಕಾಲದ ಜೂಜುಕೋರನ ಸೌಜನ್ಯದ ಮಾತುಗಾರಿಕೆಯಲ್ಲಿ ಸಾಗುತ್ತವೆ. ಟಾಮಿಯ ಅಧ್ಯಾಯಗಳಲ್ಲಿ ಮಾತ್ರ ನಿರೂಪಣೆ ‘ನೀನು’ ಎಂದು ಅವನನ್ನೇ ಉದ್ದೇಶಿಸುತ್ತದೆ. ಯಾರು ಯಾರಿಗೆ ಹೇಳುತ್ತಿದ್ದಾರೆಂಬುದು ತಿಳಿಯದ ಆ ‘ನೀನು’, ತನ್ನ ಅದೃಷ್ಟದ ಬಗ್ಗೆ ತಾನೇ ಕಟ್ಟಿಕೊಂಡ ಪುರಾಣದೊಳಗೆ ಮುಳುಗುತ್ತಿರುವ ಮನುಷ್ಯನಿಗೆ ತಕ್ಕುದಾಗಿದೆ. ಉದ್ಧರಣ ಚಿಹ್ನೆಗಳಿಲ್ಲದಿರುವುದೂ ಇದಕ್ಕೆ ಒದಗಿಬರುತ್ತದೆ. ಲಾಯಗಳ ಓಣಿಯಲ್ಲಿ ಆಡಿದ ಮಾತು, ಮನಸ್ಸಿನಲ್ಲಿ ಉಳಿದ ಮಾತು, ಕುದುರೆಗೆ ಹೇಳಿದ ಮಾತು ಇವುಗಳ ನಡುವೆ ಗೋಡೆಯಿಲ್ಲ. ಗಟ್ಟಿಯಾಗಿ ಓದಿ ನೋಡಿ. ಯಾರ ಮಾತು ಯಾವುದೆಂಬುದು ಕಣ್ಣಿಗಿಂತ ಕಿವಿಗೆ ಬೇಗ ತಿಳಿಯುತ್ತದೆ. ಕನ್ನಡದಲ್ಲಿ ಹಲವು ಪ್ರಾದೇಶಿಕ ಆಡುನುಡಿಗಳ ಗದ್ಯ ಓದಿ ಬೆಳೆದ ನಮಗೆ ಈ ಅಭ್ಯಾಸ ಹೊಸದೇನಲ್ಲ.

ಇನ್ನು ಮೆಡಿಸಿನ್ ಎಡ್. ಎಪ್ಪತ್ತೆರಡು ವರ್ಷದ, ಕಾಲು ಕುಂಟುವ, ಬಾಲ್ಯದಿಂದಲೂ ಕುದುರೆಗಳ ಮೈ ತಿಕ್ಕಿಯೇ ಬದುಕಿದ ಆಫ್ರಿಕನ್-ಅಮೆರಿಕನ್ ಮುದುಕ ಅವನು. ಅವನ ನುಡಿಯನ್ನು ಲೇಖಕಿ ಬಳಸಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರಿಸುವ ಮೊದಲು ಆ ಪಾತ್ರದ ಬೆನ್ನ ಹಿಂದಿರುವ ಚರಿತ್ರೆಯನ್ನು ನೆನೆಯಬೇಕು. 1875ರಲ್ಲಿ ಅಮೆರಿಕದ ಹೆಸರಾಂತ ಕುದುರೆ ಓಟವಾದ ಕೆಂಟಕಿ ಡರ್ಬಿ ಮೊದಲ ಬಾರಿಗೆ ನಡೆದಾಗ ಕಣದಲ್ಲಿದ್ದ ಹದಿನೈದು ಸವಾರರಲ್ಲಿ ಹದಿಮೂರು ಮಂದಿ ಕರಿಯರು, ಗೆದ್ದ ಅರಿಸ್ಟೈಡೀಸ್ ಕುದುರೆಯ ಮೇಲಿದ್ದವನು ಆಲಿವರ್ ಲೂಯಿಸ್. ಐಸಾಕ್ ಮರ್ಫಿ ಆ ಡರ್ಬಿಯನ್ನು ಮೂರು ಸಲ ಗೆದ್ದ. ಜಿಮ್ಮಿ ವಿಂಕ್‌ಫೀಲ್ಡ್ 1901 ಮತ್ತು 1902ರಲ್ಲಿ ಸತತವಾಗಿ ಗೆದ್ದ ಮೇಲೆ ಇನ್ನೊಬ್ಬ ಕರಿಯ ಸವಾರ ಅದನ್ನು ಗೆದ್ದಿಲ್ಲ. ಜನಾಂಗ ವಿಭಜನೆಯ ಕಟ್ಟಳೆಗಳು ಬಿಗಿಯಾದ ಆ ದಶಕಗಳಲ್ಲಿ, ಹಣ ಮತ್ತು ಹೆಸರು ಎರಡೂ ಸಿಗುವ ಜೀನಿನ ಮೇಲಿಂದ ಅವರನ್ನು ಕೆಳಗಿಳಿಸಿ, ಲದ್ದಿ ಬಾಚುವ ಕೆಲಸಕ್ಕೆ, ಮೈ ತಿಕ್ಕುವ ಕೆಲಸಕ್ಕೆ ಸೀಮಿತಗೊಳಿಸಲಾಯಿತು. 1970ರಲ್ಲಿ ಎಪ್ಪತ್ತೆರಡು ತುಂಬಿದ ಮನುಷ್ಯ ಹುಟ್ಟಿದ್ದು ಮರ್ಫಿ ತೀರಿಕೊಂಡ ಕೆಲವೇ ವರ್ಷಗಳ ಆಚೀಚೆಗೆ. ಕುದುರೆಯ ಬಗ್ಗೆ ಇರುವ ಅಷ್ಟೂ ಜ್ಞಾನ ಕೈಯಲ್ಲಿದ್ದು, ಒಂದು ಕುದುರೆಯೂ ಸ್ವಂತದ್ದಲ್ಲದ ಬದುಕು ಅವನದು.

ಲೇಖಕಿ ಈ ಚರಿತ್ರೆಯನ್ನು ಉಪನ್ಯಾಸವಾಗಿ ಹೇಳುವುದಿಲ್ಲ. ಅವನ ಬಯಕೆಯ ಅಳತೆಯಿಂದ ತಿಳಿಸುತ್ತಾರೆ. ಅವನಿಗೆ ಬೇಕಿರುವುದು ಮುದಿಪ್ರಾಯದಲ್ಲಿ ತಲೆ ಚಾಚಲು ಒಂದು ನೆಲೆ, ಅಷ್ಟೇ. ಸ್ಮಶಾನದ ಮಣ್ಣು ಬೆರೆತ ಗೂಫರ್ ಪುಡಿಯ ಮದ್ದು ಮಾಡಬಲ್ಲವನೆಂಬ ಹೆಸರು ಅವನಿಗಿದೆ, ಆ ಶಕ್ತಿಯನ್ನು ಬಳಸಿದರೆ ಬೆಲೆ ತೆರಬೇಕೆಂಬ ಭಯವೂ ಇದೆ. ಈ ನಂಬಿಕೆಯನ್ನು ಕಾದಂಬರಿ ಎಲ್ಲಿಯೂ ಹೀಯಾಳಿಸುವುದಿಲ್ಲ. ಟಾಮಿಯ ಲೆಕ್ಕಾಚಾರಕ್ಕೂ ಎಡ್‌ನ ಮದ್ದಿಗೂ ಒಂದೇ ತೂಕ ಕೊಡುತ್ತದೆ. ಗಾರ್ಡನ್ ಸ್ವತಃ ಇಪ್ಪತ್ತರ ಹರೆಯದಲ್ಲಿ ಇಂಥ ಸಣ್ಣ ಮೈದಾನಗಳ ಲಾಯಗಳಲ್ಲಿ ದುಡಿದವರು, ಕಾದಂಬರಿ ಬಂದದ್ದು ಅದಾಗಿ ಸುಮಾರು ನಾಲ್ಕು ದಶಕಗಳ ಮೇಲೆ. ಅಷ್ಟು ಕಾಲ ಕಿವಿಯಲ್ಲಿ ಇಟ್ಟುಕೊಂಡ ದನಿ ಇದೆಂಬುದು ನನಗೆ ವಾಕ್ಯ ವಾಕ್ಯಕ್ಕೂ ಕೇಳಿಸುತ್ತದೆ. ಆದರೂ ಎರಡು ಕಡೆ ಎಡ್‌ನ ನುಡಿ ತುಸು ಅತಿಯಾಗಿ ಕಾವ್ಯಮಯವಾಗಿದೆ, ಅಲ್ಲಿ ಲೇಖಕಿಯ ಕೈ ಕಾಣಿಸುತ್ತದೆ ಎಂಬ ಆಕ್ಷೇಪ ನನಗೂ ಇದೆ. ನಿಮ್ಮ ಬಳಗದವರ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಈ ಕಾದಂಬರಿಯಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವನು, ಎಲ್ಲರಿಗಿಂತ ಮೊದಲೇ ಅಪಾಯ ಕಾಣುವವನು ಎಡ್. ನುಡಿಯನ್ನು ಎರವಲು ಪಡೆದ ಲೇಖಕಿ ಅವನ ಬುದ್ಧಿಯನ್ನು ಕುಗ್ಗಿಸಿಲ್ಲ.

ಮರುಪ್ರಶ್ನೆ: ಓದುಕೋಣೆ

ಇಬ್ಬರಿಗೂ ಕೃತಜ್ಞತೆಗಳು. ಪೆಟ್ಟಿಗೆಗೆ ಚೀಟಿ ಹಾಕುವ ಕ್ರಮವನ್ನು ತಿಳಿದ ಮೇಲೆ ಮೊದಲ ಭಾಗದ ಓಟವನ್ನು ಮತ್ತೊಮ್ಮೆ ಓದಿದೆ. ಕುದುರೆ ಗೆಲ್ಲುತ್ತದೆಯೇ ಎಂಬ ಒಂದೇ ಪ್ರಶ್ನೆಯಿಟ್ಟುಕೊಂಡು ಓದುತ್ತಿದ್ದ ಜಾಗದಲ್ಲಿ, ಗೆದ್ದರೂ ಉಳಿಯುತ್ತದೆಯೇ ಎಂಬ ಇನ್ನೊಂದು ಪ್ರಶ್ನೆ ಸೇರಿಕೊಂಡಿತು. ಈಗ ನನ್ನನ್ನು ಕಾಡುತ್ತಿರುವುದು ಮ್ಯಾಗಿ. ಓದಿದ, ಬುದ್ಧಿವಂತೆಯಾದ, ಬೇರೆ ಬದುಕು ಆಯ್ದುಕೊಳ್ಳಬಹುದಾಗಿದ್ದ ಹೆಣ್ಣುಮಗಳು ಟಾಮಿಯಂಥವನ ಹಿಂದೆ ಈ ಕೊಚ್ಚೆಯೊಳಗೆ ಏಕೆ ಬಂದಳು, ಬಂದ ಮೇಲೆ ಏಕೆ ಉಳಿದಳು? ಅವಳನ್ನು ಮೋಹಕ್ಕೆ ಸಿಕ್ಕಿದವಳೆಂದು ಓದಿ ಮುಗಿಸಲು ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ಲಾಯದ ಓಣಿ

ನಾನು ಬೆಂಗಳೂರಿನಲ್ಲಿ ರೇಸ್ ಕುದುರೆಗಳ ಆರೈಕೆಯ ಕೆಲಸದಲ್ಲಿರುವ ಮನೆತನದವಳು. ನಮ್ಮಲ್ಲಿ ಕ್ಲೇಮಿಂಗ್ ಪದ್ಧತಿ ವಾಡಿಕೆಯಲ್ಲಿಲ್ಲದ್ದರಿಂದ ಲಗಾಮು ಬದಲಾಗುವ ಆ ಅರೆನಿಮಿಷ ನಮಗೆ ಅಪರಿಚಿತ. ಆದರೆ ಸೈಸ್‌ಗೂ, ಅಂದರೆ ಕುದುರೆಯನ್ನು ನೋಡಿಕೊಳ್ಳುವ ಆಳಿಗೂ, ಕುದುರೆಗೂ ಇರುವ ನಂಟು, ಆ ನಂಟಿಗೆ ಕಾಗದದ ಮೇಲೆ ಯಾವ ಹಕ್ಕೂ ಇಲ್ಲದಿರುವುದು ಎರಡೂ ಕಡೆ ಒಂದೇ. ಮುಂಜಾನೆ ನಾಲ್ಕಕ್ಕೆ ಎದ್ದು ಕುದುರೆಯ ಕಾಲಿನ ಪಟ್ಟಿ ಬಿಚ್ಚುವವನಿಗೆ, ರಾತ್ರಿ ಅದು ಎಷ್ಟು ಹೊತ್ತು ಮಲಗಿತ್ತು, ಯಾವ ಕಾಲಿಗೆ ಭಾರ ಬಿಡಲಿಲ್ಲ ಎಂಬುದು ಹುಲ್ಲಿನ ಹಾಸು ನೋಡಿದರೇ ತಿಳಿಯುತ್ತದೆ. ಮಾಲೀಕ ಅದನ್ನು ಮಾರಿದ ದಿನ ಆ ತಿಳಿವಳಿಕೆಯನ್ನು ಯಾರೂ ಕೇಳಿ ಪಡೆಯುವುದಿಲ್ಲ.

ಮ್ಯಾಗಿಯನ್ನು ಟಾಮಿಯ ಮೂಲಕ ಓದಿದರೆ ಅವಳು ಅರ್ಧ ಮಾತ್ರ ಸಿಗುತ್ತಾಳೆ. ಅವಳ ಅಧ್ಯಾಯಗಳಲ್ಲಿ ಅವಳ ಕೈಗಳು ಏನು ಮಾಡುತ್ತಿವೆ ಎಂಬುದನ್ನು ನೋಡಿ. ಕುದುರೆಯ ಬೆನ್ನಿನುದ್ದಕ್ಕೂ ಬೆರಳೂರಿ ಉಜ್ಜುವಾಗ, ಆ ಒತ್ತಡಕ್ಕೆ ಅದು ಮೈಯೊಡ್ಡಿ ನಿಲ್ಲುವಾಗ, ತನಗೊಂದು ವಿದ್ಯೆ ಕೈಗೂಡುತ್ತಿದೆ ಎಂಬ ಅರಿವು ಅವಳಿಗೆ ಬರುತ್ತದೆ. ಪುಸ್ತಕ ಓದಿ ಬಂದ ವಿದ್ಯೆಯಲ್ಲ ಅದು. ಎಡ್‌ನಿಂದ, ಡ್ಯೂಸಿಯಿಂದ ನೋಡಿ ಕಲಿತದ್ದು. ಪೆಲ್ಟರ್ ಎಂಬ ವಯಸ್ಸಾದ ಕುದುರೆ ಒಂದು ಕಾಲದಲ್ಲಿ ದೊಡ್ಡ ಓಟಗಳಲ್ಲಿ ಹೆಸರು ಮಾಡಿದ್ದು, ಅದನ್ನು ಅವಳು ಹಚ್ಚಿಕೊಳ್ಳುವ ಪರಿ ಟಾಮಿಯ ಮೇಲಿನ ಮೋಹಕ್ಕಿಂತ ಗಟ್ಟಿಯಾದದ್ದು. ಅವಳು ಬಂದದ್ದು ಟಾಮಿಗಾಗಿ ಇರಬಹುದು, ಉಳಿದದ್ದು ಕುದುರೆಗಳಿಗಾಗಿ ಎಂದು ನಾನು ಓದುತ್ತೇನೆ.

ಇಲ್ಲಿ ತುಂಗಾತೀರ ಅವರೊಂದಿಗೆ ನನಗೆ ಸಣ್ಣ ಭಿನ್ನಾಭಿಪ್ರಾಯವಿದೆ. ಹೆಚ್ಚುಗಾರಿಕೆ ಕತೆಗಿಂತ ದನಿಗಳಲ್ಲಿದೆ ಎಂದು ಅವರು ಬರೆದಿದ್ದಾರೆ. ಎರಡನ್ನೂ ಬೇರ್ಪಡಿಸುವುದು ಸಾಧ್ಯವಿಲ್ಲ ಎಂಬುದಕ್ಕೆ ಲಿಟಲ್ ಸ್ಪಿನೋಜಾ ಭಾಗವೇ ಸಾಕ್ಷಿ. ಡ್ಯೂಸಿ, ಎಡ್, ಮ್ಯಾಗಿ ಮೂವರೂ ಸೇರಿ ಆ ತಲೆಕೆಟ್ಟ ಕುದುರೆಯ ಒಡೆತನವನ್ನು ಹಂಚಿಕೊಳ್ಳುತ್ತಾರೆ. ಒಬ್ಬ ಮುದುಕಿ, ಒಬ್ಬ ಕರಿಯ ಆಳು, ಒಬ್ಬ ಹೊರಗಿನ ಹುಡುಗಿ. ಜೋ ಡೇಲ್ ಬಿಗ್‌ನಂಥ ಪುಂಡ ತರಬೇತುದಾರರ ಕೈಯಲ್ಲಿರುವ ಮೈದಾನದಲ್ಲಿ ಅವರ ಈ ಪಾಲುಗಾರಿಕೆಯೇ ಒಂದು ಧೈರ್ಯದ ಘಟನೆ. ಎಡ್‌ನ ನುಡಿಯಲ್ಲಿ ಆಗ ಮೂಡುವ ಎಚ್ಚರಿಕೆಯ ಆಸೆ, ಅವನಿಗೆ ಮೊದಲ ಬಾರಿಗೆ ಒಂದು ಕುದುರೆಯ ಮೂರನೆಯ ಒಂದು ಪಾಲು ಸೇರಿದ್ದರಿಂದ ಹುಟ್ಟಿದ್ದು. ಕತೆ ಅಲ್ಲಿಗೆ ಬಾರದಿದ್ದರೆ ಆ ದನಿ ಅಲ್ಲಿಗೆ ಏರುತ್ತಿರಲಿಲ್ಲ. ಅವರು ಕೂಡ ಆ ಕುದುರೆಯನ್ನು ಕ್ಲೇಮಿಂಗ್ ಓಟದ ಲೋಕದಲ್ಲೇ ಓಡಿಸಬೇಕು ಎಂಬುದನ್ನು ಮರೆಯಬೇಡಿ.

ಹೆಂಗಸರ ವಿಷಯ ಬಂದದ್ದರಿಂದ ಆ ಕಾಲದ ಒಂದು ಸಂಗತಿಯನ್ನು ಸೇರಿಸುತ್ತೇನೆ. ಅಮೆರಿಕದಲ್ಲಿ ಕ್ಯಾಥಿ ಕಸ್ನರ್ ನ್ಯಾಯಾಲಯದ ಮೆಟ್ಟಿಲೇರಿ ಜಾಕಿ ಪರವಾನಗಿ ಪಡೆದದ್ದು 1968ರಲ್ಲಿ. 1969ರ ಫೆಬ್ರವರಿಯಲ್ಲಿ ಫ್ಲಾರಿಡಾದ ಹಯಲಿಯಾ ಮೈದಾನದಲ್ಲಿ ಡಯಾನ್ ಕ್ರಂಪ್ ಓಟಕ್ಕೆ ಇಳಿದಾಗ ಜನಜಂಗುಳಿಯಿಂದ ಕಾಪಾಡಲು ಕಾವಲು ಬೇಕಾಯಿತು. ಅದೇ ತಿಂಗಳು ಬಾರ್ಬರಾ ಜೋ ರೂಬಿನ್ ಗೆದ್ದು, ಅಲ್ಲಿನ ಮಾನ್ಯತೆ ಪಡೆದ ಮೈದಾನವೊಂದರಲ್ಲಿ ಪುರುಷ ಸವಾರರನ್ನು ಹಿಂದೆ ಹಾಕಿದ ಮೊದಲ ಮಹಿಳೆಯಾದದ್ದು ವೆಸ್ಟ್ ವರ್ಜೀನಿಯಾದ ಚಾರ್ಲ್ಸ್ ಟೌನ್‌ನಲ್ಲಿ, ಅಂದರೆ ಈ ಕಾದಂಬರಿಯ ರಾಜ್ಯದಲ್ಲೇ.  ಕುದುರೆಗಳಿಗೆ ಅಭ್ಯಾಸ ಮಾಡಿಸುವ ಆಲಿಸ್ ನೂಜಮ್ ಎಂಬ ಹುಡುಗಿ ಕಾದಂಬರಿಯಲ್ಲಿ ಕಾಣಿಸಿಕೊಂಡಾಗ ಈ ಹಿನ್ನೆಲೆ ನೆನಪಿರಲಿ. ಡ್ಯೂಸಿಯ ಒರಟುತನವೂ ಆಗ ಬೇರೆಯಾಗಿ ಕೇಳಿಸುತ್ತದೆ. ಒಂದೋ ಎರಡೋ ಕುದುರೆಗಳನ್ನಿಟ್ಟುಕೊಂಡು, ತಾನೇ ಮಾಲಕಿ, ತಾನೇ ತರಬೇತುದಾರಳು, ತಾನೇ ಆಳು ಆಗಿ ಗಂಡಸರ ನಡುವೆ ಮುಪ್ಪಾದ ಹೆಂಗಸಿನ ದನಿ ಅದು.

ನಿಮ್ಮ ಬಳಗಕ್ಕೆ ನನ್ನದೊಂದು ಸಲಹೆ. ಪೆಲ್ಟರ್ ಎಂಬ ಮೂರನೆಯ ಭಾಗವನ್ನು ಅವಸರದಲ್ಲಿ ಓದಬೇಡಿ. ಟೂ-ಟೈ ಮೈದಾನದೊಳಕ್ಕೆ ಕಾಲಿಡದಂತೆ ಬಹಿಷ್ಕೃತನಾದವನು. ಹೊರಗೆ ಕುಳಿತು, ಎಲಿಜಬೆತ್ ಎಂಬ ತನ್ನ ಮುದಿ ನಾಯಿಯನ್ನು ಕಟ್ಟಿಕೊಂಡು, ಸಾಲ ಕೊಡುತ್ತಾ ವಸೂಲಿ ಮಾಡುತ್ತಾ ಬದುಕುವವನು. ಮ್ಯಾಗಿ ತನ್ನ ಸಂಬಂಧಿ ಎಂಬ ಕಾರಣಕ್ಕೆ ಅವಳಿಗೆ ತಿಳಿಯದಂತೆಯೇ ಅವಳ ಮೇಲೆ ಒಂದು ಕಣ್ಣಿಟ್ಟಿರುತ್ತಾನೆ. ಇಡೀ ಕಾದಂಬರಿಯಲ್ಲಿ ಬೆಲೆ ಕಟ್ಟದೆ ಒಬ್ಬರನ್ನು ಕಾಯುವವನು ಅವನೊಬ್ಬನೇ, ಮತ್ತು ಎಲ್ಲದಕ್ಕೂ ಬೆಲೆ ಕಟ್ಟುವುದೇ ಅವನ ಕಸುಬು. ಸಾಲಗಾರರೊಂದಿಗೆ ಅವನು ಆಡುವ ನಯವಾದ ಮಾತುಗಳನ್ನೂ ನಾಯಿಯೊಂದಿಗೆ ಆಡುವ ಮಾತುಗಳನ್ನೂ ಅಕ್ಕಪಕ್ಕದಲ್ಲಿಟ್ಟು ಓದಿ, ಕೊನೆಯ ಭಾಗವನ್ನು ಆಮೇಲೆ ತೆರೆಯಿರಿ. ಅದನ್ನು ಮುಗಿಸಿದ ನಂತರ ಇಲ್ಲಿ ಬರೆದರೆ, ಈಗ ಕತೆ ಬಿಟ್ಟುಕೊಡಬಾರದೆಂದು ತಡೆದಿರುವ ಮಾತುಗಳನ್ನು ಮುಂದುವರಿಸೋಣ.